ಮನೆಯ ಗಂಡಸರ ಪ್ರಾಸ್ಟೇಟ್ ಗ್ರಂಥಿ: ನಿಮಗೂ ತಿಳಿದಿರಲಿ

ಸಹೋದರಿಯರೇ, ಮನೆಯ ಹಿರಿಯರು ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು ಮೊದಲು ತಿಳಿಯುವುದು ನಿಮಗೇ. 50 ದಾಟಿದ ಗಂಡಸರಲ್ಲಿ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗುವುದು ಸಾಮಾನ್ಯ. ಬಹಳಷ್ಟು ಸಲ ಅದು ಕ್ಯಾನ್ಸರ್ ಅಲ್ಲ. ಆದರೆ ಪರೀಕ್ಷಿಸದೆ ಹೇಳಲಾಗದು. ಮೂತ್ರ ತಡೆದು ಬರುವುದು, ಮೂತ್ರದಲ್ಲಿ ರಕ್ತ, ಬಿಡದ ಸೊಂಟನೋವು ಕಂಡರೆ ತಡಮಾಡಬೇಡಿ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಆಗಿದ್ದರೆ, ತೊಂದರೆ ಇಲ್ಲದಿದ್ದರೂ 45ಕ್ಕೇ ಡಾಕ್ಟರರನ್ನು ಕೇಳಲಿ.

ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಇದೆ. ನಾವು ಎಮ್ಮೆಯ ಗಬ್ಬ ನೋಡುವ ದಾರಿಯಿಂದಲೇ ಡಾಕ್ಟರು ಬೆರಳಿನಿಂದ ಗ್ರಂಥಿ ಮುಟ್ಟಿ ನೋಡುತ್ತಾರೆ. ನಿಮಿಷದ ಕೆಲಸ, ನಾಚಿಕೆ ಬೇಡವೆಂದು ಹೇಳಿ. ಸಂಶಯ ಬಂದರೆ ಬಯಾಪ್ಸಿ. ಬೇಗ ಸಿಕ್ಕರೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣದಿಂದ ಗುಣವಾಗುವ ಸಾಧ್ಯತೆ ಹೆಚ್ಚು. ಎಲುಬಿಗೆ ಹರಡಿದ ಮೇಲೆ ಹತೋಟಿಯಲ್ಲಿ ಇಡಬಹುದಷ್ಟೆ.

ಮೊದಲು ಹುಕ್ಕೇರಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ. ಆಧಾರ್, ರೇಷನ್ ಕಾರ್ಡ್ ಒಯ್ಯಿರಿ.