ಅಳಿವೆಯಿಂದ ಒಳಕ್ಕೆ

ಶುಕ್ರವಾರ ರಾತ್ರಿ ಬೆಂಗಳೂರು, ಹುಬ್ಬಳ್ಳಿಗಳಿಂದ ಹೊರಟ ಬಸ್ಸುಗಳು ಬೆಳಕು ಹರಿಯುವ ಹೊತ್ತಿಗೆ ಗೋಕರ್ಣದಲ್ಲಿ ಜನರನ್ನು ಇಳಿಸುತ್ತವೆ. ಓಂ ಬೀಚ್, ಕುಡ್ಲೆ, ಮಾರನೆಯ ದಿನ ಮುರ್ಡೇಶ್ವರ, ಸಂಜೆಗೆ ವಾಪಸ್. ಉತ್ತರ ಕನ್ನಡದ ಕರಾವಳಿಯನ್ನು ಬಹುತೇಕರು ನೋಡುವುದು ಹೀಗೆ. ತಪ್ಪೇನಿಲ್ಲ, ಆ ಕಡಲತೀರಗಳು ಚೆಂದವೇ. ಆದರೆ ಈ ಕರಾವಳಿಯ ಚರಿತ್ರೆ ಮರಳಿನ ಮೇಲೆ ನಡೆದದ್ದು ಕಡಿಮೆ. ಅದು ನಡೆದದ್ದು ನದಿ ಸಮುದ್ರ ಸೇರುವ ಅಳಿವೆಗಳಲ್ಲಿ, ಅಲ್ಲಿಂದ ಒಂದಿಷ್ಟು ಮೈಲಿ ಒಳಗೆ.

ಕಾರಣ ಸರಳ. ತೆರೆದ ಕಡಲಿನಲ್ಲಿ ಹಡಗಿಗೆ ಆಸರೆಯಿಲ್ಲ. ಅಳಿವೆಯ ಬಾಯಿಯಲ್ಲಿ ಮರಳದಿಬ್ಬ ಇರುವುದರಿಂದ ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು. ಸಣ್ಣ ದೋಣಿಗಳು ಭರತದ ನೀರಿನ ಜೊತೆ ಒಳಗೆ ಸಾಗಬೇಕು. ಇತ್ತ ಘಟ್ಟದ ಮೇಲಿನ ಕರಿಮೆಣಸು ಹೇರೆತ್ತುಗಳ ಮೇಲೆ ಇಳಿದು ಬರಬೇಕು. ಎರಡೂ ಕೂಡುವ ಜಾಗದಲ್ಲಿ ಪೇಟೆ ಬೆಳೆಯಿತು, ಪೇಟೆ ಕಾಯಲು ಕೋಟೆ ಎದ್ದಿತು. ಹೆದ್ದಾರಿ 66ರಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸೇತುವೆಗಳನ್ನು ದಾಟುವಾಗ ಎಲ್ಲರೂ ಪಶ್ಚಿಮಕ್ಕೇ ಮೊಬೈಲ್ ಹಿಡಿಯುತ್ತಾರೆ. ನೋಡಬೇಕಾದ್ದು ಪೂರ್ವಕ್ಕೂ ಇದೆ.

ಕುಮಟಾ ಸಮೀಪದ ಮಿರ್ಜಾನ್ ಕೋಟೆ ಹೆದ್ದಾರಿಯಿಂದ ಕೂಗಳತೆಯಲ್ಲಿದೆ. ಚಿರೆಕಲ್ಲಿನ ದಪ್ಪ ಗೋಡೆ, ದುಂಡನೆಯ ಬುರುಜು, ಸುತ್ತ ಕಂದಕ, ಒಳಗೆ ಆಳದ ಬಾವಿಗಳು. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಇದು. ಕರಾವಳಿಯ ಮನೆಯೂ ಬಾವಿಯೂ ಇದರದ್ದೇ, ಕೋಟೆಯೂ ಇದರದ್ದೇ. ಮಳೆಗಾಲದಲ್ಲಿ ಗೋಡೆಯಿಡೀ ಪಾಚಿ ಹಬ್ಬಿ ಹಸಿರಾಗುತ್ತದೆ. ಆಗ ಬರುವವರೇ ಹೆಚ್ಚು, ಫೋಟೊಗಾಗಿ. ಜಾರುತ್ತದೆ, ಗೋಡೆಯ ಮೇಲೆ ಹತ್ತಬೇಡಿ. ನನ್ನನ್ನು ಕೇಳಿದರೆ ಡಿಸೆಂಬರಿನ ಬೆಳಗ್ಗೆಯೇ ಸರಿ. ಕಲ್ಲಿನ ಕೆಂಪು ಕಾಣುವುದು ಆಗ.

ಕೋಟೆಯ ಪಕ್ಕ ಹರಿಯುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಹಾಗಾಗಿ ಸಿಹಿನೀರೂ ಉಪ್ಪುನೀರೂ ಇಂದಿಗೂ ತಮ್ಮ ಲೆಕ್ಕದಲ್ಲೇ ಬೆರೆಯುತ್ತವೆ. ದಡದ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಇಳಿತದ ಹೊತ್ತಿಗೆ ಜನ ನದಿಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುತ್ತಾರೆ. 2024ರಲ್ಲಿ ಈ ಅಳಿವೆಗೆ, ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆ ಸಿಕ್ಕಿತು. ಗೋಕರ್ಣದಲ್ಲಿ ಎರಡು ದಿನ ಇರುವವರು ಅರ್ಧ ದಿನ ತದಡಿಗೆ ಬಂದು, ಬಾರ್ಜಿನಲ್ಲೋ ದೋಣಿಯಲ್ಲೋ ಆಚೆಯ ಅಘನಾಶಿನಿ ಊರಿಗೆ ದಾಟಿದರೆ ಇದೆಲ್ಲ ಕಣ್ಣೆದುರೇ ಸಿಗುತ್ತದೆ.

ಮಿರ್ಜಾನಿನ ಹೆಸರಿನ ಜೊತೆ ಸೇರಿಕೊಂಡೇ ಬರುವವಳು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕರಾವಳಿಯ ಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ಪೋರ್ಚುಗೀಸರು ಅವಳನ್ನು ಕರೆದದ್ದೇ ಮೆಣಸಿನ ರಾಣಿ ಎಂದು. ಅವಳ ಜೊತೆ ವ್ಯಾಪಾರವನ್ನೂ ಮಾಡಿದರು, ಜಗಳವನ್ನೂ ಆಡಿದರು. 1569ರಲ್ಲಿ ಹೊನ್ನಾವರವನ್ನು ಹಿಡಿದರು. ಕೊನೆಗೆ ಅವಳ ರಾಜ್ಯವನ್ನು ನುಂಗಿದವರು ಅವರಲ್ಲ, ಘಟ್ಟದ ಮೇಲಿನ ಕೆಳದಿ ನಾಯಕರು. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ, ಗೋವೆಯಿಂದ ಆ ನಾಯಕರ ರಾಜಧಾನಿ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಲ್ಲಿ ದೋಣಿ ಹತ್ತಿ ಶರಾವತಿಯಲ್ಲಿ ಮೇಲಕ್ಕೆ ಬಂದ. ನದಿಯ ಚೆಲುವನ್ನು ಮನಸಾರೆ ಹೊಗಳಿದ. ಗೇರುಸೊಪ್ಪೆಗೆ ತಲುಪಿದಾಗ ನೋಡಿದ್ದು ಮಾತ್ರ ಮರಗಿಡ ಬೆಳೆದು ಮುಚ್ಚಿದ ಪಾಳು ಪಟ್ಟಣ. ರಾಣಿ ಹೋಗಿ ಹೆಚ್ಚು ಕಾಲವಾಗಿರಲಿಲ್ಲ! ಅವಳ ಪತನಕ್ಕೆ ಒಂದು ಪ್ರೇಮಕಥೆಯನ್ನೂ ಅವನು ಬರೆದಿಟ್ಟ. ರಾಜ್ಯ ಕಳೆದುಕೊಂಡ ಹೆಣ್ಣಿನ ಬಗ್ಗೆ ಇಂಥ ಕಥೆ ಹುಟ್ಟದಿದ್ದರೇ ಆಶ್ಚರ್ಯ. ಮೆಣಸಿನ ಹಣದ ಮೇಲೆ ಎಷ್ಟು ಜನರ ಕಣ್ಣಿತ್ತು ಎಂದು ನೆನೆದರೆ ಬೇರೆ ಕಾರಣ ಹುಡುಕಬೇಕಿಲ್ಲ.

ಹೊನ್ನಾವರದಿಂದ ಜೋಗದ ಹೆದ್ದಾರಿ ಹಿಡಿದರೆ ಗೇರುಸೊಪ್ಪೆ ಸುಮಾರು 30 ಕಿ.ಮೀ. ಅಲ್ಲಿಗೆ ಹತ್ತಿರ, ನಗರಬಸ್ತಿಕೇರಿಯ ಕಾಡಿನೊಳಗೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿಂದ ಹೊಕ್ಕರೂ ತೀರ್ಥಂಕರನ ಎದುರೇ. ಬಳಿಯಲ್ಲೇ ಬೇರೆ ಬಸದಿಗಳೂ ಕಲ್ಲಿನ ಅವಶೇಷಗಳೂ ಇವೆ. ದಾರಿ ಕೇಳಿಕೊಂಡೇ ಹೋಗಿ, ಹೊತ್ತಿಳಿಯುವ ಮುಂಚೆ ಹೊರಬನ್ನಿ. ನೀರೂ ತಿಂಡಿಯೂ ನಿಮ್ಮ ಬಳಿಯೇ ಇರಲಿ.

ಮಕ್ಕಳು ಜೊತೆಗಿದ್ದು ನೀರಿಗಾಗಿ ಹಟ ಹಿಡಿದರೆ ಹೊನ್ನಾವರದ ಸೇತುವೆ ದಾಟಿ ಕಾಸರಕೋಡಿಗೆ ಕರೆದೊಯ್ಯಿರಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಚೊಕ್ಕ ಕಡಲತೀರ ಅದು. ಪಕ್ಕದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಕಾಲುದಾರಿ. ಮುರ್ಡೇಶ್ವರದ 123 ಅಡಿಯ ಶಿವನ ಬಗ್ಗೆ ನಾನೇನೂ ಹೇಳಬೇಕಿಲ್ಲ; ರಾಜಗೋಪುರದ ಲಿಫ್ಟಿನ ಸಾಲು ಉದ್ದವಿದ್ದರೂ ಮೇಲಿನ ನೋಟ ಕಾಯುವಿಕೆಗೆ ತಕ್ಕುದೇ. ಅಲ್ಲಿನ ಕಡಲು ಮಾತ್ರ ಸಲುಗೆ ಕೊಡುವುದಲ್ಲ. ಕೆಂಪು ಬಾವುಟ ಕಂಡರೆ, ಕಾವಲಿನವರು ಸೀಟಿ ಊದಿದರೆ ಹಿಂದೆ ಸರಿಯಿರಿ.

ಅಲ್ಲಿಂದ ಭಟ್ಕಳಕ್ಕೆ ಅರ್ಧ ಗಂಟೆಯೂ ಬೇಡ. ಪ್ರವಾಸಿಗರು ಇಳಿಯದೇ ದಾಟಿಹೋಗುವ ಊರು ಇದು. ವಿಜಯನಗರಕ್ಕೆ ಅರಬ್ ಕುದುರೆಗಳು ಬಂದಿಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳವೂ ಒಂದು. ನವಾಯತ ಮುಸ್ಲಿಮರ ಹಳೆಯ ಮನೆಗಳು, ಮಸೀದಿಗಳು, ಜೈನ ಬಸದಿಗಳು, ಹಿಂದೂ ದೇಗುಲಗಳು ಒಂದೇ ಪೇಟೆಯ ಆಸುಪಾಸಿನಲ್ಲಿ ಸಿಗುತ್ತವೆ. ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನಕ್ಕೆ ಸಾಕಷ್ಟು ಸಮಯ ಇಟ್ಟುಕೊಂಡು ಹೋಗಿ. ಹದಿನಾರನೆಯ ಶತಮಾನದ ಈ ಗುಡಿಯ ಮಾಡು ಇಳಿಜಾರಿನದು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಹಂಚಿನಂತೆ ಹಾಸಿದ್ದು ಕಲ್ಲಿನ ಚಪ್ಪಡಿ. ಮರದಲ್ಲಿ ಕಟ್ಟುತ್ತಿದ್ದುದನ್ನೇ ಕಲ್ಲಿಗೆ ಇಳಿಸಿದ ಕೈಗಳವು. ಗೋಡೆಯ ಸುತ್ತ ರಾಮಾಯಣದ ದೃಶ್ಯಗಳ ಕೆತ್ತನೆ ಇದೆ. ಗುಡಿ ಸುತ್ತುವಾಗ ತಲೆಯೆತ್ತಿ ಮಾಡನ್ನಷ್ಟೇ ನೋಡಬೇಡಿ, ಬಗ್ಗಿ ಗೋಡೆಯನ್ನೂ ಓದಿ.