ಮಾತು ಸಾಗುವ ತಂತಿಯಲ್ಲೇ ಕರೆಂಟು

ಮನೆಯ ಪಡಸಾಲೆಯ ಮೂಲೆಯಲ್ಲಿ ಲ್ಯಾಂಡ್‌ಲೈನ್ ಫೋನ್ ಇದ್ದ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಮಳೆಗಾಲದ ರಾತ್ರಿ ಗಾಳಿಗೆ ಮರ ಬಿದ್ದು ಊರಿಡೀ ಕತ್ತಲಾದರೂ ಆ ಫೋನ್ ಮಾತ್ರ ಸುಮ್ಮನಾಗುತ್ತಿರಲಿಲ್ಲ. ಫ್ಯಾನ್ ಇಲ್ಲ, ದೀಪವಿಲ್ಲ, ಆದರೆ ರಿಸೀವರ್ ಎತ್ತಿದರೆ ಶಬ್ದ ಕೇಳಿಸುತ್ತಿತ್ತು. ಆಸ್ಪತ್ರೆಗೋ ಬಂಧುಗಳಿಗೋ ಕರೆ ಮಾಡಬಹುದಿತ್ತು. ಅದನ್ನು ಗೋಡೆಯ ಯಾವ ಪ್ಲಗ್ಗಿಗೂ ಸಿಕ್ಕಿಸಿರಲಿಲ್ಲ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸಿಯೂ ಇರಲಿಲ್ಲ. ಹಾಗಾದರೆ ಅದಕ್ಕೆ ಕರೆಂಟು ಎಲ್ಲಿಂದ ಬರುತ್ತಿತ್ತು?

ಮಾತನ್ನು ತರುತ್ತಿದ್ದ ಅದೇ ಎರಡು ತಂತಿಗಳಿಂದ! ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲಾ 2 ವೋಲ್ಟಿನ 24 ಸೀಸದ ಬ್ಯಾಟರಿ ಕೋಶಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟ್ ವಿದ್ಯುತ್ತನ್ನು ಸದಾ ಸಿದ್ಧವಾಗಿಟ್ಟಿರುತ್ತಿದ್ದರು. ಅಲ್ಲಿಂದ ಅದು ತಂತಿಯ ಮೂಲಕ ಮನೆಮನೆಗೆ ಹರಿಯುತ್ತಿತ್ತು. ಊರಿನ ಕರೆಂಟು ಹೋದರೂ ಎಕ್ಸ್‌ಚೇಂಜಿನ ಬ್ಯಾಟರಿ ಇರುವ ತನಕ ಫೋನಿಗೆ ಜೀವ ಇರುತ್ತಿತ್ತು.

ಈಗ ಬಹಳಷ್ಟು ಮನೆಗಳಿಗೆ ಫೈಬರ್ ಸಂಪರ್ಕ ಬಂದಿದೆ. ಕೂದಲೆಳೆಯಷ್ಟು ತೆಳುವಾದ ಗಾಜಿನ ನೂಲಿನಲ್ಲಿ ಬೆಳಕಿನ ರೂಪದಲ್ಲಿ ಇಂಟರ್ನೆಟ್ಟೂ ಫೋನೂ ಬರುತ್ತವೆ. ವೇಗ ಎಷ್ಟೋ ಪಟ್ಟು ಹೆಚ್ಚಿತು. ಆದರೆ ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಮನೆಯ ಕರೆಂಟು ಹೋದರೆ ಗೋಡೆಯಲ್ಲಿರುವ ಫೈಬರ್ ಪೆಟ್ಟಿಗೆ ಆರಿಹೋಗುತ್ತದೆ, ಅದರ ಜೊತೆಗೆ ಫೋನೂ ನಿಲ್ಲುತ್ತದೆ. ಹಳೆಯ ತಂತಿಗಿದ್ದ ಒಂದು ಒಳ್ಳೆಯ ಗುಣ ಹೀಗೆ ಕಳೆದುಹೋಯಿತು.

ಆ ಗುಣ ಇನ್ನೊಂದು ದಾರಿಯಿಂದ ಕಟ್ಟಡಗಳೊಳಗೆ ಮರಳಿ ಬಂದಿದೆ. ಅದರ ಹೆಸರು ಪವರ್ ಓವರ್ ಈಥರ್ನೆಟ್, ಚಿಕ್ಕದಾಗಿ ಪಿ.ಓ.ಇ. ಕಂಪ್ಯೂಟರ್ ನೆಟ್‌ವರ್ಕಿನ ಕೇಬಲ್‌ನಲ್ಲೇ ಉಪಕರಣಕ್ಕೆ ಬೇಕಾದ ಕರೆಂಟನ್ನೂ ಕಳುಹಿಸುವ ವಿಧಾನವಿದು. ಅಂಗಡಿ, ಶಾಲೆ, ಆಸ್ಪತ್ರೆ, ಹಾಸ್ಟೆಲ್‌ಗಳ ಸಿ.ಸಿ. ಕ್ಯಾಮರಾಗಳಿಗೂ ಮಾಡಿಗೆ ಅಂಟಿಸಿದ ವೈ-ಫೈ ಪೆಟ್ಟಿಗೆಗಳಿಗೂ ಇಂದು ಹೆಚ್ಚಾಗಿ ಇದೇ ವ್ಯವಸ್ಥೆ. ಯಜಮಾನರು ಗಲ್ಫ್‌ನಲ್ಲಿದ್ದು ಹೆಂಗಸರು, ಮಕ್ಕಳು, ವೃದ್ಧರು ಮಾತ್ರ ಇರುವ ಮನೆಗಳಿಗೂ ಇಂತಹ ಕ್ಯಾಮರಾಗಳು ಬರುತ್ತಿವೆ. ಜೋಡಿಸುವವರು ಬಂದಾಗ ಮನೆಯಲ್ಲಿರುವವರು ಹೆಚ್ಚಾಗಿ ನಾವೇ. ಆದ್ದರಿಂದ ಈ ವಿಷಯ ಗೊತ್ತಿರುವುದು ನಮಗೇ ಹೆಚ್ಚು ಅಗತ್ಯ.

ಈ ಬಗ್ಗೆ ಎರಡು ಮಾತುಗಳು ಚಾಲ್ತಿಯಲ್ಲಿವೆ. "ಇದು ಬರೀ ನೆಟ್ಟಿನ ವಯರ್, ಇದರಲ್ಲಿ ಕರೆಂಟೇ ಇಲ್ಲ, ಹೇಗೆ ಎಳೆದರೂ ಆಗುತ್ತದೆ" ಎನ್ನುವುದು ಒಂದು. "ಅಯ್ಯೋ, ವಯರಿನಲ್ಲಿ ಕರೆಂಟು ಬರುತ್ತದೆಯಂತೆ, ಮಕ್ಕಳು ಮುಟ್ಟಿದರೆ ಏನು ಗತಿ" ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಸರಿಯಾದದ್ದು ಏನೆಂದು ನೋಡೋಣ.

ಒಂದು ಕೇಬಲ್, ಎರಡು ಕೆಲಸ

ನೆಟ್‌ವರ್ಕ್ ಕೇಬಲ್ಲಿನ ಹೊದಿಕೆ ಸುಲಿದರೆ ಒಳಗೆ ಬಣ್ಣಬಣ್ಣದ ಎಂಟು ತಂತಿಗಳು ಕಾಣುತ್ತವೆ. ಎರಡೆರಡು ತಂತಿಗಳನ್ನು ಹಗ್ಗ ಹೊಸೆದಂತೆ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಹೀಗೆ ಹೊಸೆದರೆ ಹೊರಗಿನ ಗದ್ದಲ ಸಂದೇಶದೊಳಗೆ ಸೇರುವುದು ಕಡಿಮೆಯಾಗುತ್ತದೆ. ಈ ಉಪಾಯಕ್ಕೆ 1881ರಲ್ಲೇ ಪೇಟೆಂಟ್ ಪಡೆದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಮಾಹಿತಿಯೂ ಕರೆಂಟೂ ಒಂದೇ ತಂತಿಯಲ್ಲಿ ಸಾಗಿದರೆ ಒಂದಕ್ಕೊಂದು ಬೆರೆತು ಹೋಗುವುದಿಲ್ಲವೇ? ಇದಕ್ಕೆ ಉತ್ತರ ತಕ್ಕಡಿಯಲ್ಲಿದೆ. ತಕ್ಕಡಿಯ ಒಂದು ತಟ್ಟೆ ಮೇಲೆ, ಇನ್ನೊಂದು ಕೆಳಗೆ ಇದೆ ಎಂದುಕೊಳ್ಳಿ. ಎರಡೂ ತಟ್ಟೆಗಳಿಗೆ ಸಮಾನ ತೂಕದ ಬಟ್ಟು ಹಾಕಿದರೆ ವಾಲಿಕೆ ಯಾವ ಕಡೆಗಿತ್ತೋ ಆ ಕಡೆಗೇ ಇರುತ್ತದೆ. ಜೋಡಿಯ ಎರಡು ತಂತಿಗಳ ನಡುವಿನ ವ್ಯತ್ಯಾಸವೇ ಮಾಹಿತಿ, ಅಂದರೆ ತಕ್ಕಡಿಯ ವಾಲಿಕೆ. ಕರೆಂಟು ಎರಡೂ ತಂತಿಗಳಲ್ಲಿ ಸಮನಾಗಿ ಹೋಗುತ್ತದೆ, ಅಂದರೆ ಸಮಾನ ಬಟ್ಟು. ಒಂದು ಜೋಡಿಯಲ್ಲಿ ಹೋದ ಕರೆಂಟು ಇನ್ನೊಂದು ಜೋಡಿಯಲ್ಲಿ ಹಿಂದಿರುಗುತ್ತದೆ. ತುದಿಯಲ್ಲಿರುವ ಸಣ್ಣ ಟ್ರಾನ್ಸ್‌ಫಾರ್ಮರುಗಳು ಎರಡನ್ನೂ ಬೇರ್ಪಡಿಸುತ್ತವೆ.

ಕೇಳಿದ ಮೇಲೆಯೇ ಕೊಡುವುದು

ಗೋಡೆಯ ಪ್ಲಗ್ಗಿಗೆ ವಿವೇಚನೆಯಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಸಿಕ್ಕಿಸಿದರೂ ಮಗುವಿನ ಕೈಯ ಸೂಜಿ ಹೊಕ್ಕರೂ ಅದು 230 ವೋಲ್ಟ್ ಕೊಟ್ಟೇಬಿಡುತ್ತದೆ. ಪಿ.ಓ.ಇ. ಹಾಗಲ್ಲ. ಇಲ್ಲಿ ಕರೆಂಟು ಕೊಡುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಅದು ದೀಪದ ಸ್ವಿಚ್ಚಲ್ಲ, ಹಲವು ಕೇಬಲ್‌ಗಳು ಬಂದು ಸೇರುವ ನೆಟ್‌ವರ್ಕ್ ಪೆಟ್ಟಿಗೆ.

ಕೇಬಲ್ ಸಿಕ್ಕಿಸಿದ ಕೂಡಲೇ ಸ್ವಿಚ್ ಪೂರ್ತಿ ಕರೆಂಟು ಬಿಡುವುದಿಲ್ಲ. ಮೊದಲು ಸುಮಾರು 3ರಿಂದ 10 ವೋಲ್ಟಿನೊಳಗಿನ ಸಣ್ಣ ಒತ್ತಡ ಹಾಕಿ, ಆ ತುದಿಯಲ್ಲಿ 25 ಸಾವಿರ ಓಮ್ ಆಸುಪಾಸಿನ ಪ್ರತಿರೋಧ ಇದೆಯೇ ಎಂದು ಪರೀಕ್ಷಿಸುತ್ತದೆ. ಕರೆಂಟು ಬೇಕಾದ ಉಪಕರಣಗಳಲ್ಲಿ ಮಾತ್ರ ಈ ಗುರುತು ಇರುತ್ತದೆ. ಗುರುತು ಸಿಕ್ಕರೆ ನಿನಗೆ ಎಷ್ಟು ಬೇಕು ಎಂದು ಎರಡನೆಯ ಪರೀಕ್ಷೆ. ಆ ಬಳಿಕವೇ 48 ವೋಲ್ಟ್. ಪ್ರಿಂಟರ್, ಲ್ಯಾಪ್‌ಟಾಪ್‌ನಂತಹವುಗಳಲ್ಲಿ ಆ ಗುರುತು ಇಲ್ಲದ ಕಾರಣ ಮಾಹಿತಿ ಮಾತ್ರ ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಕ್ಯಾಮರಾದಿಂದ ಕೇಬಲ್ ಕಿತ್ತರೆ ಅರ್ಧ ಸೆಕೆಂಡಿನೊಳಗೆ ಸ್ವಿಚ್ ಕರೆಂಟು ನಿಲ್ಲಿಸುತ್ತದೆ. ಹಾಗಾಗಿ ಸಡಿಲವಾಗಿ ನೇತಾಡುವ ತುದಿಯಲ್ಲಿ ಕರೆಂಟು ನಿಂತಿರುವುದಿಲ್ಲ.

ಇಂತಹ ಉಪಾಯ ಕಂಪನಿಗಳ ಸ್ವಂತ ಪ್ರಯೋಗವಾಗಿ ಮೊದಲಾಯಿತು. ಸಿಸ್ಕೋ ಕಂಪನಿ 2000ದಲ್ಲಿ ತನ್ನ ಇಂಟರ್ನೆಟ್ ಫೋನುಗಳಿಗೆ ಕೇಬಲ್ಲಿನಲ್ಲೇ ಕರೆಂಟು ಕೊಟ್ಟಿತು. ಎಲ್ಲ ಕಂಪನಿಗಳಿಗೂ ಒಂದೇ ನಿಯಮ ಬಂದದ್ದು 2003ರಲ್ಲಿ. ಇಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆಯಾದ ಐ.ಇ.ಇ.ಇ. ರೂಪಿಸಿದ ಈ ನಿಯಮದ ಹೆಸರು 802.3 ಎಎಫ್. ಅದರಂತೆ ಸ್ವಿಚ್ 15.4 ವ್ಯಾಟ್ ತನಕ ಕೊಡಬಹುದು. 2009ರ ಎಟಿ ನಿಯಮದಲ್ಲಿ ಅದು 30 ವ್ಯಾಟ್ ಆಯಿತು. 2018ರ ಬಿಟಿ ನಿಯಮ ಎಂಟೂ ತಂತಿಗಳನ್ನು ಬಳಸಿ 90 ವ್ಯಾಟ್ ತನಕ ಅನುಮತಿಸಿತು. ಸಾಮಾನ್ಯ ಸಿ.ಸಿ. ಕ್ಯಾಮರಾಕ್ಕೆ ಮೊದಲನೆಯದೇ ಧಾರಾಳ ಸಾಕು.

48 ವೋಲ್ಟ್ ಏಕೆ?

ತೋಟದ ಪೈಪ್ ಉದ್ದವಾದಷ್ಟು ತುದಿಯಲ್ಲಿ ನೀರಿನ ರಭಸ ಇಳಿಯುತ್ತದೆ. ತೆಳ್ಳಗಿನ ತಂತಿಯಲ್ಲೂ ಹಾಗೆಯೇ. ದಾರಿಯಲ್ಲಿ ಸ್ವಲ್ಪ ವಿದ್ಯುತ್ ಶಾಖವಾಗಿ ಸೋರಿಹೋಗುತ್ತದೆ. ಹರಿಯುವ ಕರೆಂಟು ಎರಡು ಪಟ್ಟಾದರೆ ಈ ಸೋರಿಕೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ವೋಲ್ಟೇಜ್ ಹೆಚ್ಚಿಸಿ ಕರೆಂಟು ಕಡಿಮೆ ಮಾಡುವುದೇ ಜಾಣತನ.

ಶಾಲೆಯಲ್ಲಿ ಕಲಿತ ಲೆಕ್ಕದಿಂದಲೇ ಇದನ್ನು ತಿಳಿಯಬಹುದು. ನಿಯಮದಂತೆ ಕೇಬಲ್ಲಿನ ಗರಿಷ್ಠ ಉದ್ದ 100 ಮೀಟರ್. ಅಷ್ಟು ದೂರ ಹೋಗಿ ಬರುವ ದಾರಿಯ ಪ್ರತಿರೋಧ ಹೆಚ್ಚೆಂದರೆ 20 ಓಮ್ ಎಂದು ಎಎಫ್ ನಿಯಮ ಲೆಕ್ಕ ಹಿಡಿದಿದೆ. ಸ್ವಿಚ್ಚಿನ ಕನಿಷ್ಠ 44 ವೋಲ್ಟಿನಲ್ಲಿ 15.4 ವ್ಯಾಟ್ ಕಳುಹಿಸಲು 0.35 ಆಂಪಿಯರ್ ಬೇಕು. 0.35ನ್ನು 0.35ರಿಂದ ಗುಣಿಸಿ, ಅದನ್ನು 20ರಿಂದ ಗುಣಿಸಿದರೆ 2.45. ಅಷ್ಟು ವ್ಯಾಟ್ ದಾರಿಯಲ್ಲಿ ಖರ್ಚಾಗಿ 12.95 ವ್ಯಾಟ್ ಉಪಕರಣಕ್ಕೆ ತಲುಪುತ್ತದೆ. ನಿಯಮಪುಸ್ತಕದಲ್ಲಿರುವುದೂ ಇದೇ ಸಂಖ್ಯೆ! ಅದೇ 15.4 ವ್ಯಾಟನ್ನು 12 ವೋಲ್ಟಿನಲ್ಲಿ ಕಳುಹಿಸಲು ಹೊರಟರೆ ಸುಮಾರು 1.28 ಆಂಪಿಯರ್ ಬೇಕು, ಸೋರಿಕೆ 30 ವ್ಯಾಟ್ ದಾಟುತ್ತದೆ. ಕೊಡುವುದಕ್ಕಿಂತ ಸೋರುವುದೇ ಹೆಚ್ಚೆಂದರೆ ಕ್ಯಾಮರಾಕ್ಕೆ ಏನೂ ತಲುಪದು ಎಂದೇ ಅರ್ಥ.

ಹಾಗೆಂದು ವೋಲ್ಟೇಜನ್ನು ಬೇಕಾದಷ್ಟು ಏರಿಸುವಂತೆಯೂ ಇಲ್ಲ. 60 ವೋಲ್ಟಿನೊಳಗಿನ ಏಕಮುಖ ವಿದ್ಯುತ್ತನ್ನು ಸುರಕ್ಷಿತ ಮಟ್ಟವೆಂದು ಪರಿಗಣಿಸುವ ಪದ್ಧತಿಯಿದೆ. ಪಿ.ಓ.ಇ.ಯ ಗರಿಷ್ಠ ಮಿತಿ 57 ವೋಲ್ಟ್. ಒದ್ದೆ ಕೈಯಲ್ಲಿ ಮುಟ್ಟಬಾರದೆಂಬ ಎಚ್ಚರ ಇಲ್ಲಿಯೂ ಬೇಕು. ಆದರೆ ಗೋಡೆಯ ಪ್ಲಗ್ಗಿನ ಅಪಾಯಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಅಪಾಯ ಇರುವುದೆಲ್ಲಿ?

ಮೇಲೆ ಹೇಳಿದ ಸುರಕ್ಷತೆಯೆಲ್ಲ ನಿಯಮ ಪಾಲಿಸಿದ ಸಾಮಗ್ರಿಗೆ ಮಾತ್ರ ಅನ್ವಯ. ಹಣ ಉಳಿಸುವ ಭರದಲ್ಲಿ ನಾವು ಮೋಸಹೋಗುವುದು ಇಲ್ಲಿಯೇ.

ಮೊದಲನೆಯದು ಕೇಬಲ್. ಪೇಟೆಯಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಸಿಗುತ್ತದೆ. ಹೊರಗಿನಿಂದ ನೋಡಿದರೆ ಅಸಲಿಯಂತೆಯೇ ಇರುತ್ತದೆ. ಆದರೆ ಅದರ ಪ್ರತಿರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಅಷ್ಟೇ ಸೋರಿಕೆ, ಅಷ್ಟೇ ಶಾಖ ಹೆಚ್ಚು. ಬಾಗಿಸಿದಲ್ಲಿ ಬೇಗ ತುಂಡಾಗುತ್ತದೆ, ಪ್ಲಗ್ಗಿನ ಹಿಡಿತ ಕಾಲಕ್ರಮೇಣ ಸಡಿಲವಾಗಿ ಅಲ್ಲಿ ಬಿಸಿಯೇರುತ್ತದೆ. ಹಗಲಿಡೀ ಸರಿಯಾಗಿದ್ದ ಕ್ಯಾಮರಾ ರಾತ್ರಿಯಾದೊಡನೆ ಆರಿ ಹೊತ್ತಿಕೊಳ್ಳುತ್ತಿದ್ದರೆ ಕೇಬಲ್ ಮೇಲೂ ಸಂಶಯಪಡಿ. ಕತ್ತಲಲ್ಲಿ ನೋಡಲು ಕ್ಯಾಮರಾ ತನ್ನ ಕಣ್ಣಿಗೆ ಕಾಣದ ದೀಪಗಳನ್ನು ಬೆಳಗಿಸುತ್ತದೆ, ಆಗ ಹೆಚ್ಚು ಕರೆಂಟು ಬೇಕಾಗುತ್ತದೆ, ಕಳಪೆ ತಂತಿಗೆ ಅದನ್ನು ತಲುಪಿಸಲಾಗುವುದಿಲ್ಲ. ಕ್ಯಾಮರಾ ಅಗತ್ಯವಿರುವ ಹೊತ್ತಿಗೇ ಕೈಕೊಟ್ಟಂತಾಯಿತು.

ಎರಡನೆಯದು, ಕೇಳದೆಯೇ ಕರೆಂಟು ಕೊಡುವ ಅಗ್ಗದ ಅಡಾಪ್ಟರುಗಳು. ಇವನ್ನು ಪ್ಯಾಸಿವ್ ಎನ್ನುತ್ತಾರೆ. ಇವುಗಳಲ್ಲಿ ಗುರುತು ಪರೀಕ್ಷೆಯಿಲ್ಲ, ಸದಾ 24 ಅಥವಾ 48 ವೋಲ್ಟ್ ಇದ್ದೇ ಇರುತ್ತದೆ. ತಮ್ಮದೇ ಉಪಕರಣದ ಜೊತೆ ಬಂದದ್ದಾದರೆ ಅದಕ್ಕೆ ಮಾತ್ರ ಬಳಸಬಹುದು. ಮಕ್ಕಳು ಆ ಕೇಬಲನ್ನು ಲ್ಯಾಪ್‌ಟಾಪಿಗೋ ಟಿ.ವಿ.ಗೋ ಸಿಕ್ಕಿಸಿದರೆ ಅದು ಸುಟ್ಟುಹೋದೀತು.

ಮೂರನೆಯದು ಸಿಡಿಲು. ಕರಾವಳಿ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾರಸಿಯಲ್ಲೋ ಗೇಟಿನ ಕಂಬದಲ್ಲೋ ಇರುವ ಕ್ಯಾಮರಾದಿಂದ ಬರುವ ಲೋಹದ ಕೇಬಲ್ ಸಿಡಿಲಿನ ಹೊಡೆತವನ್ನು ನೇರವಾಗಿ ಮನೆಯೊಳಗೆ ತರಬಲ್ಲದು. ಟಿ.ವಿ.ಯ ಪ್ಲಗ್ ತೆಗೆದಂತೆ ಸ್ವಿಚ್ಚಿನ ಪ್ಲಗ್ ಮಾತ್ರ ತೆಗೆದರೆ ಸಾಲದು, ಹೊರಗಿನಿಂದ ಬಂದ ಕೇಬಲನ್ನೂ ತೆಗೆಯಬೇಕು. ಅದೂ ಗುಡುಗು ಶುರುವಾಗುವ ಮೊದಲೇ. ಸಿಡಿಲು ಹೊಡೆಯುತ್ತಿರುವಾಗ ಕೇಬಲ್ ಮುಟ್ಟಲೇಬೇಡಿ. ಹೊರಗಿನ ಕ್ಯಾಮರಾಗಳಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ ಸರಿಯಾದ ಅರ್ಥಿಂಗ್ ಕೊಡಿಸುವುದು ಒಳ್ಳೆಯದು.

ಜೋಡಿಸುವವರಲ್ಲಿ ಏನು ಕೇಳಬೇಕು?

- ಕೇಬಲ್ ಪೂರ್ತಿ ತಾಮ್ರದ್ದೇ? ಒಂದು ತುಂಡು ಪಡೆದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬಿಳಿ ಕಂಡರೆ ಅಲ್ಯೂಮಿನಿಯಂ.
- ಸ್ವಿಚ್ ಮತ್ತು ಕ್ಯಾಮರಾದ ಪೆಟ್ಟಿಗೆಯ ಮೇಲೆ 802.3 ಎಂಬ ಸಂಖ್ಯೆಯ ಮುಂದೆ ಎಎಫ್, ಎಟಿ ಅಥವಾ ಬಿಟಿ ಎಂದು ಇದೆಯೇ?
- ಸ್ವಿಚ್ಚಿನ ಒಟ್ಟು ಸಾಮರ್ಥ್ಯ ಎಷ್ಟು ವ್ಯಾಟ್? ಎಂಟು ಕಿಂಡಿಗಳಿದ್ದ ಮಾತ್ರಕ್ಕೆ ಎಂಟಕ್ಕೂ ಪೂರ್ತಿ ಕರೆಂಟು ಕೊಡಬಲ್ಲದೆಂದು ತಿಳಿಯಬೇಡಿ.
- ಮನೆಯ 230 ವೋಲ್ಟಿನ ವಯರುಗಳಿರುವ ಪೈಪಿನಲ್ಲೇ ಈ ಕೇಬಲನ್ನೂ ತೂರಿಸುತ್ತಿದ್ದಾರೆಯೇ? ಒಪ್ಪಬೇಡಿ. ಎರಡಕ್ಕೂ ಬೇರೆ ಬೇರೆ ಪೈಪ್ ಇರಲಿ.
- ಕೇಬಲ್ ಒಟ್ಟು 100 ಮೀಟರ್ ಮೀರುತ್ತದೆಯೇ? ನಡುವೆ ತಂತಿ ತಿರುಚಿ ಟೇಪ್ ಸುತ್ತಿ ಮಾಡಿದ ಜೋಡಣೆ ಇದೆಯೇ?

ಎಲ್ಲರಿಗೂ ಬೇಕೇ?

ಖಂಡಿತ ಇಲ್ಲ. ಮನೆಯಲ್ಲಿರುವುದು ಒಂದು ವೈ-ಫೈ ಪೆಟ್ಟಿಗೆ ಮಾತ್ರವಾದರೆ ಪಿ.ಓ.ಇ.ಗೆ ಹಣ ಹಾಕುವ ಅಗತ್ಯವಿಲ್ಲ. ಫೈಬರ್ ಪೆಟ್ಟಿಗೆಯನ್ನು ಇನ್ವರ್ಟರಿನ ಲೈನಿಗೆ ಸೇರಿಸಿದರೆ ಅಥವಾ ಅದಕ್ಕೆ ಹೊಂದುವ ಸಣ್ಣ ಯು.ಪಿ.ಎಸ್. ಇಟ್ಟರೆ ಕರೆಂಟು ಹೋದಾಗಲೂ ಇಂಟರ್ನೆಟ್ ಮತ್ತು ಫೋನನ್ನು ಉಳಿಸಿಕೊಳ್ಳಬಹುದು. ಈಗಾಗಲೇ ದಪ್ಪ ಕೇಬಲ್ಲೂ ಪ್ರತ್ಯೇಕ 12 ವೋಲ್ಟಿನ ತಂತಿಯೂ ಇರುವ ಹಳೆಯ ಮಾದರಿಯ ಕ್ಯಾಮರಾಗಳಿದ್ದು ಚೆನ್ನಾಗಿ ನಡೆಯುತ್ತಿದ್ದರೆ ಅವನ್ನು ಕಿತ್ತೆಸೆಯಬೇಕಾಗಿಲ್ಲ.

ಹೊಸದಾಗಿ ನಾಲ್ಕೈದು ಕ್ಯಾಮರಾ ಹಾಕಿಸುವವರಿಗೆ, ಮನೆ ಕಟ್ಟಿಸುವವರಿಗೆ, ಶಾಲೆ ಮದ್ರಸಾಗಳನ್ನು ನಡೆಸುವವರಿಗೆ ಇದು ಲಾಭದಾಯಕ. ಪ್ರತಿ ಕ್ಯಾಮರಾದ ಬಳಿಯೂ ಪ್ಲಗ್ ಹಾಕಿಸುವ ಖರ್ಚು ಉಳಿಯುತ್ತದೆ. ಮಳೆನೀರು ಬೀಳುವ ಜಾಗಕ್ಕೆ 230 ವೋಲ್ಟ್ ಒಯ್ಯಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸ್ವಿಚ್ಚನ್ನು ಇನ್ವರ್ಟರಿಗೆ ಸೇರಿಸಿದರೆ ಎಲ್ಲ ಕ್ಯಾಮರಾಗಳಿಗೂ ಬ್ಯಾಟರಿ ಸಿಕ್ಕಂತೆ. ತಲಾ 6 ವ್ಯಾಟಿನ ನಾಲ್ಕು ಕ್ಯಾಮರಾಗಳಿಗೆ ಬೇಕಾದದ್ದು 24 ವ್ಯಾಟ್. ಸಾಮಾನ್ಯ ಸೀಲಿಂಗ್ ಫ್ಯಾನ್ ಒಂದೇ 70 ವ್ಯಾಟಿನಷ್ಟು ತೆಗೆದುಕೊಳ್ಳುತ್ತದೆ. ಆದರೆ ದೃಶ್ಯ ದಾಖಲಿಸುವ ಪೆಟ್ಟಿಗೆಯನ್ನೂ ಫೈಬರ್ ಪೆಟ್ಟಿಗೆಯನ್ನೂ ಅದೇ ಇನ್ವರ್ಟರ್ ಲೈನಿಗೆ ಸೇರಿಸಲು ಮರೆಯಬೇಡಿ. ಆ ಸ್ವಿಚ್ ಕೆಟ್ಟರೆ ಎಲ್ಲ ಕ್ಯಾಮರಾಗಳೂ ಒಟ್ಟಿಗೆ ನಿಲ್ಲುತ್ತವೆ ಎಂಬುದನ್ನೂ ತಿಳಿದಿರಬೇಕು. ಹಾಗಾಗಿ ಸ್ವಿಚ್ ಕೊಳ್ಳುವಾಗ ಚೌಕಾಸಿ ಬೇಡ.

ತಂತ್ರಜ್ಞಾನದ ವಿಷಯ ಬಂದೊಡನೆ ಅದು ಗಂಡಸರ ಲೆಕ್ಕ ಎಂದು ಸುಮ್ಮನಿರುವ ರೂಢಿ ನಮ್ಮಲ್ಲಿದೆ. ಆದರೆ ಬಂಗಾರ ಕೊಳ್ಳುವಾಗ ಉಜ್ಜಿ ನೋಡುವ, ಬಟ್ಟೆ ಕೊಳ್ಳುವಾಗ ನೂಲು ಹಿಡಿದು ನೋಡುವ ಕಣ್ಣು ನಮಗಿದೆ. ಕೇಬಲ್ಲಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡುವುದು ಅದಕ್ಕಿಂತ ಕಷ್ಟವಲ್ಲ. ಮಾಡಿನೊಳಗೆ ಒಮ್ಮೆ ಸೇರಿದ ಕೇಬಲ್ ಹತ್ತಾರು ವರ್ಷ ಅಲ್ಲೇ ಇರುತ್ತದೆ. ಕೇಳಬೇಕಾದ ಪ್ರಶ್ನೆಯನ್ನು ಮಾಡು ಮುಚ್ಚುವ ಮೊದಲೇ ಕೇಳಿಬಿಡಿ.