ದಸರಾ ರಜೆಯಲ್ಲಿ ಅಜ್ಜಿಯ ಎದುರು ಕೂರುವವರು ಯಾರು?

ನಂಜನಗೂಡು ತಾಲ್ಲೂಕಿನ ಹೆಡತಲೆ ಎಂದೊಡನೆ ಬಲ್ಲವರಿಗೆ ನೆನಪಾಗುವುದು ಅಲ್ಲಿನ ಲಕ್ಷ್ಮೀಕಾಂತಸ್ವಾಮಿ ದೇವಾಲಯ. ಮೂರು ಗರ್ಭಗುಡಿಗಳ ಈ ತ್ರಿಕೂಟ ಗುಡಿಯ ಜೊತೆಗೇ ಜನ ಹೇಳುವ ಇನ್ನೊಂದು ಸಂಗತಿ ಹದಿನಾರು ಮುಖದ ಚಾವಡಿಯದು. ಹದಿನಾರು ಮಂದಿ ಅಳಿಯಂದಿರಿದ್ದ ಪಾಳೆಯಗಾರನೊಬ್ಬ, ಯಾರಿಗೂ ಹೆಚ್ಚು ಕಡಿಮೆ ಎನಿಸದಿರಲೆಂದು ಒಬ್ಬೊಬ್ಬರಿಗೂ ಒಂದೊಂದು ಮುಖವಿರುವಂತೆ ಅದನ್ನು ಕಟ್ಟಿಸಿದನಂತೆ. ಕಥೆಯಲ್ಲಿ ನಿಜವೆಷ್ಟೋ ಇರಲಿ. ನಾಲ್ಕು ಜನ ಎದುರುಬದುರು ಕೂತು ಕಾಲ ಕಳೆಯಲು ಒಂದು ಜಾಗ ಬೇಕು ಎಂಬುದು ಅಂದಿನವರಿಗೆ ಗೊತ್ತಿತ್ತು.

ಇಂದು ಹಳ್ಳಿಗಳಲ್ಲಿ ಜಾಗಕ್ಕೆ ಬರವಿಲ್ಲ. ಜಗಲಿ ಇದೆ, ಅರಳಿಕಟ್ಟೆ ಇದೆ. ಎದುರು ಕೂರುವವರು ಇಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಮೈಸೂರಿನಲ್ಲಿ, ಮೊಮ್ಮಕ್ಕಳು ಶಾಲೆ, ಟ್ಯೂಷನ್‌ಗಳಲ್ಲಿ. ಅವರೆಲ್ಲ ಊರಿಗೆ ಬಂದು ನಾಲ್ಕು ದಿನ ನಿಲ್ಲುವುದು ಶರದೃತುವಿನಲ್ಲಿ, ದಸರಾ ರಜೆಗೆ. ವಿಶ್ವಸಂಸ್ಥೆ 1990ರಲ್ಲಿ ಗೊತ್ತುಮಾಡಿದ ಹಿರಿಯರ ಅಂತರರಾಷ್ಟ್ರೀಯ ದಿನ, ಅಂದರೆ ಅಕ್ಟೋಬರ್ 1, ಬರುವುದೂ ಇದೇ ಆಸುಪಾಸಿನಲ್ಲಿ. ಸಭೆ, ಶಾಲು, ಹಾರಗಳಲ್ಲಿ ಆ ದಿನ ಮುಗಿದುಹೋಗುತ್ತದೆ. ಮಾರನೆಯ ದಿನ ಸಂಜೆ ಅಜ್ಜಿ ಮತ್ತೆ ಒಬ್ಬರೇ.

ಕಾವ್ಯಗಳಲ್ಲಿ ಶರತ್ಕಾಲವೆಂದರೆ ತಿಳಿಯಾದ ಆಕಾಶ, ಬೆಳದಿಂಗಳು. ಮೈಸೂರು ಸೀಮೆಯಲ್ಲಿ ಅಕ್ಟೋಬರ್ ಒಳ್ಳೆಯ ಮಳೆಯ ತಿಂಗಳೂ ಹೌದು. ಮಧ್ಯಾಹ್ನದವರೆಗೆ ಬಿಸಿಲು, ಸಂಜೆಗೆ ಗುಡುಗು. ಅಂಗಳದಲ್ಲಿ ಪಾಚಿ ಕಟ್ಟಿರುತ್ತದೆ. ಎಪ್ಪತ್ತು ದಾಟಿದವರು ಹೊರಗೆ ಕಾಲಿಡಲು ಅಂಜುವುದು ಸಹಜ. ವಾಯುವಿಹಾರ ತಪ್ಪಿದ ಅಂಥ ಸಂಜೆಗಳಿಗೆ ನಮ್ಮ ಹಿರಿಯರ ಬಳಿ ಒಂದು ಉತ್ತರವಿತ್ತು: ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಐದು ಸಾಲು, ಐದು ಕಂಬದ ಇಪ್ಪತ್ತೈದು ಮನೆಗಳು. ಅದೇ ಚೌಕಾಬಾರ.

ಹುಣಿಸೆ ಬೀಜದ ಗಣಿತ

ಹುಣಿಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬೆಳ್ಳಗೆ ಮಾಡಿದ ನಾಲ್ಕು ಬಿಲ್ಲೆಗಳಿದ್ದರೆ ದಾಳ ಸಿದ್ಧ. ಕವಡೆ ಇದ್ದವರು ಕವಡೆ ಹಾಕುತ್ತಾರೆ. ಒಂದು ಬೆಳ್ಳಗೆ ಬಿದ್ದರೆ ಒಂದು, ಎರಡು ಬಿದ್ದರೆ ಎರಡು, ಮೂರಾದರೆ ಮೂರು, ನಾಲ್ಕೂ ಬೆಳ್ಳಗಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ.

ಹೈಸ್ಕೂಲು ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬಹುದು. ಪ್ರತಿ ಬೀಜಕ್ಕೂ ಎರಡು ಮಗ್ಗುಲು; ನಾಲ್ಕು ಬೀಜಗಳು ಬೀಳಬಹುದಾದ ಬಗೆಗಳು ಒಟ್ಟು 16. ಅವುಗಳಲ್ಲಿ 'ಒಂದು' ಬೀಳುವ ಬಗೆ 4, 'ಎರಡು' 6, 'ಮೂರು' 4, ಚೌಕ ಮತ್ತು ಬಾರ ಒಂದೊಂದೇ. ಎಲ್ಲವನ್ನೂ ಕೂಡಿ ಹದಿನಾರರಿಂದ ಭಾಗಿಸಿದರೆ ಸರಾಸರಿ ಎರಡೂವರೆ. ಕಾಯಿಯೊಂದು ತನ್ನ ಮನೆಯಿಂದ ಹೊರಟು, ಹೊರಸುತ್ತು, ಒಳಸುತ್ತು ದಾಟಿ, ನಡುಮನೆ ಸೇರಿ ಹಣ್ಣಾಗಲು 24 ಹೆಜ್ಜೆ ಬೇಕು. ಅಂದರೆ ಹೆಚ್ಚು ಕಡಿಮೆ ಹತ್ತು ಸಲ ಬೀಜ ಹಾಕಬೇಕು, ನಡುವೆ ಯಾರೂ ಹೊಡೆಯದಿದ್ದರೆ!

ಪುಸ್ತಕದ ಈ ಲೆಕ್ಕ ಎರಡೂ ಮಗ್ಗುಲು ಸಮಾನವಾಗಿ ಬೀಳುತ್ತವೆ ಎಂದು ನಂಬಿದೆ. ಉಜ್ಜಿದ ಹುಣಿಸೆ ಬೀಜ ಹಾಗೆ ಬೀಳಬೇಕೆಂದೇನೂ ಇಲ್ಲ. ಅದರ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಒಂದು ಬೀಜವನ್ನು ನೂರು ಸಲ ಹಾಕಿ ಬರೆದಿಟ್ಟರೆ ಅದರ ಗುಣ ತಿಳಿಯುತ್ತದೆ. ಐವತ್ತು ವರ್ಷ ಆಡಿದ ಅಜ್ಜಿಗೆ ಇದು ಬರೆಯದೆಯೇ ಗೊತ್ತು. ಯಾವ ಕಾಯಿ ಮುಂದೆ ಬಿಟ್ಟರೆ ಅಪಾಯ, ಯಾವುದನ್ನು ಗುರುತಿನ ಮನೆಯಲ್ಲಿ ಸುರಕ್ಷಿತವಾಗಿ ಕೂರಿಸಬೇಕು ಎಂಬುದನ್ನು ಅವರು ನಾಲ್ವರ ಹದಿನಾರು ಕಾಯಿಗಳನ್ನೂ ಕಣ್ಣಲ್ಲಿಟ್ಟುಕೊಂಡೇ ತೀರ್ಮಾನಿಸುತ್ತಾರೆ. ಆಟಗಳನ್ನು 'ಹೊತ್ತು ಕಳೆಯುವ ಕೆಲಸ' ಎಂದು ತಳ್ಳಿಹಾಕುವವರು ಇದನ್ನೊಮ್ಮೆ ಪಕ್ಕದಲ್ಲಿ ಕೂತು ನೋಡಬೇಕು.

ಮೈಸೂರಿನ ಮಟ್ಟಿಗೆ ಈ ಆಟಗಳಿಗೆ ಅರಮನೆಯ ಗೌರವವೂ ಉಂಟು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಮಣೆಯಾಟಗಳನ್ನೇ ರಚಿಸಿದವರು. 1831ರಲ್ಲಿ ರಾಜ್ಯಾಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ ಅವರು ಸಾಹಿತ್ಯ, ಕಲೆ, ಆಟಗಳಲ್ಲಿ ಆಳವಾಗಿ ತೊಡಗಿದರು. ಕೆಲಸದಿಂದ ಬಿಡುಗಡೆಯಾದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಯನ್ನೂ ಅವರು ಬಿಡಿಸಿದ್ದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಪಟಗಳಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಇಂಥ ಮಣೆಯಾಟಗಳ ಪ್ರದರ್ಶನಗಳನ್ನು ಏರ್ಪಡಿಸಿ ಹೊಸಬರ ಕೈಗೂ ಕವಡೆ ಕೊಟ್ಟಿದೆ.

ಮರೆವಿಗೆ ಮದ್ದೇ?

ಆಟದಿಂದ ನೆನಪು ಉಳಿಯುತ್ತದೆಯೇ? ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಮಂದಿಯನ್ನು ವೈದ್ಯರು ಸುಮಾರು ಐದು ವರ್ಷ, ಕೆಲವರನ್ನು ಅದಕ್ಕೂ ಹೆಚ್ಚು ಕಾಲ, ಗಮನಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಓದುವುದು, ಮಣೆಯಾಟ ಆಡುವುದು, ವಾದ್ಯ ನುಡಿಸುವುದು, ನೃತ್ಯ ಇವುಗಳಲ್ಲಿ ತೊಡಗಿದವರಲ್ಲಿ ಮರೆವಿನ ರೋಗ ಕಡಿಮೆ ಕಂಡಿತು. ಇಷ್ಟನ್ನೇ ಓದಿ 'ಚೌಕಾಬಾರ ಆಡಿದರೆ ಮರೆವು ಬಾರದು' ಎಂದು ಸಾರುವುದು ತಪ್ಪು. ನೆನಪು ಕುಂದತೊಡಗಿದವರು ಆಟವನ್ನು ತಾವಾಗಿಯೇ ಬಿಟ್ಟಿರಲೂಬಹುದು. ಆಗ ಯಾವುದು ಕಾರಣ, ಯಾವುದು ಪರಿಣಾಮ? ಎರಡು ಸಂಗತಿಗಳು ಜೊತೆಯಾಗಿ ಕಂಡರೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ವಿಜ್ಞಾನದ ವಿದ್ಯಾರ್ಥಿ ಮೊದಲು ಕಲಿಯಬೇಕಾದ ಪಾಠವಿದು. ಔಷಧಿಯಂತೆ ಆಟವನ್ನು ಹಿರಿಯರ ಮೇಲೆ ಹೇರುವುದೂ ಬೇಡ. ಆಡುವಷ್ಟು ಹೊತ್ತು ಮನಸ್ಸು ಚುರುಕಾಗಿರುತ್ತದೆ, ಮಾತಿಗೆ ಜನ ಇರುತ್ತಾರೆ. ಆಡಲು ಅಷ್ಟು ಕಾರಣ ಸಾಕು.

ತಂದೆತಾಯಿಗಳು ಕೆಲವು ಸಣ್ಣ ಏರ್ಪಾಡುಗಳನ್ನು ಮಾಡಬೇಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುವುದರಿಂದ ನೀಲಿ, ಹಸಿರು, ಕಪ್ಪುಗಳ ನಡುವಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಹಸಿರು ಬಳೆಚೂರು, ನೀಲಿ ಬಳೆಚೂರು ಎದುರಾಳಿಗಳಾದರೆ ತಾತನ ಕಾಯಿ ತಪ್ಪುವುದು ಖಂಡಿತ, ಆಮೇಲೆ 'ತಾತ ಮೋಸ ಮಾಡಿದರು' ಎಂಬ ಗಲಾಟೆ ಬೇರೆ. ಒಬ್ಬರಿಗೆ ಬಿಳಿಯ ಕಲ್ಲು, ಇನ್ನೊಬ್ಬರಿಗೆ ಕೆಂಪು ಬಳೆಚೂರು ಇರಲಿ, ದೀಪ ಹತ್ತಿರವಿರಲಿ. ಮಂಡಿ ನೋವಿನವರಿಗೆ ನೆಲ ಬೇಡ, ರಟ್ಟಿನ ಮೇಲೆ ಮನೆ ಬರೆದು ಸ್ಟೂಲಿನ ಮೇಲಿಟ್ಟರಾಯಿತು. ಅಳಗುಳಿ ಮಣೆಗೆ ಕೆಲವರು ಗುಲಗಂಜಿ ತುಂಬುವುದುಂಟು. ನೋಡಲು ಚೆನ್ನ, ಅಗಿದರೆ ವಿಷ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಹುಣಿಸೆ ಬೀಜವೇ ಲೇಸು. ಮತ್ತೊಂದು ಮಾತು: ಪಾಪವೆಂದು ಅಜ್ಜಿಗೆ ಬೇಕೆಂದೇ ಸೋಲಬೇಡಿ. ಅವರಿಗದು ತಕ್ಷಣ ಗೊತ್ತಾಗುತ್ತದೆ, ಮರುದಿನ ಆಟಕ್ಕೆ ಬರುವುದಿಲ್ಲ.

ಎಲ್ಲರಿಗೂ ಆಟ ಒಗ್ಗಬೇಕೆಂದಿಲ್ಲ. ಬೊಂಬೆ ಕೂರಿಸುವ ಮನೆಗಳಲ್ಲಿ ಅಟ್ಟದ ಪೆಟ್ಟಿಗೆ ಇಳಿಸುವ ಕೆಲಸ ಹುಡುಗರದಾಗಲಿ, ಯಾವ ಬೊಂಬೆ ಯಾವ ಮೆಟ್ಟಿಲಿಗೆ ಎಂಬ ತೀರ್ಮಾನ ಅಜ್ಜಿಯದಾಗಲಿ. ಬೇಸಾಯ ಮಾಡಿದ ತಾತನಿದ್ದರೆ ಹಸ್ತಾ, ಚಿತ್ತಾ, ಸ್ವಾತಿ ಮಳೆಗಳ ಲೆಕ್ಕ ಕೇಳಬಹುದು. ಸೂರ್ಯ ವರ್ಷವಿಡೀ ದಾಟುವ 27 ನಕ್ಷತ್ರಗಳಿಗೆ ತಲಾ ಹದಿಮೂರೂವರೆ ದಿನ. ಪಾಠದಲ್ಲಿ ಓದಿದ ಭೂಮಿಯ ಪರಿಭ್ರಮಣೆಯೇ ತಾತನ ಬಾಯಲ್ಲಿ ಮಳೆಯ ಹೆಸರಾಗಿದೆ. ಜಪಾನಿನಲ್ಲಿ 1947ರಲ್ಲಿ ಮಕ್ಕಳಿಗೆಂದು ಹುಟ್ಟಿದ ಗೇಟ್‌ಬಾಲ್ ಮುಂದೆ ಮುದುಕರ ಆಟವಾಗಿ ಹೆಸರಾಯಿತು. ಮುದುಕರ ಚೌಕಾಬಾರ ಮಕ್ಕಳದಾಗಲು ಅಡ್ಡಿಯೇನಿದೆ?

ರಜೆಯಲ್ಲಿ ಆಡುವವರು ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು ಒಳ್ಳೆಯದು. ಚೌಕಾಬಾರದ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎನ್ನುವವರಿದ್ದಾರೆ. ಅದೆಲ್ಲ ಇಲ್ಲ ಎನ್ನುವವರೂ ಇದ್ದಾರೆ. ಚೌಕ ಸತತ ಮೂರು ಸಲ ಬಿದ್ದರೆ ಮೂರೂ ಸುಟ್ಟುಹೋಯಿತು ಎಂಬುದು ಕೆಲವರ ಕಟ್ಟಳೆ. ತಿ. ನರಸೀಪುರದ ಕಡೆಯಿಂದ ಹೆಡತಲೆಗೆ ಸೊಸೆಯಾಗಿ ಬಂದ ಅಜ್ಜಿ ತವರಿನ ನಿಯಮ ಹಿಡಿದರೆ, ಇಲ್ಲೇ ಹುಟ್ಟಿ ಬೆಳೆದ ತಾತ ಈ ಊರಿನದೇ ಸರಿ ಎನ್ನಬಹುದು. ಬೀಜ ಹಾಕುವ ಮೊದಲೇ ಅರ್ಧ ಗಂಟೆ ವಾದ ನಡೆದೀತು. ಇಬ್ಬರು ಹೇಳಿದ್ದನ್ನೂ, ಅವರವರ ಊರಿನ ಹೆಸರಿನೊಂದಿಗೆ, ಹಾಗೆಯೇ ಬರೆದುಕೊಳ್ಳಿ.